ರುಮಾಲಿನ ನೆರಳು

ಫೋಟೊ ತೆಗೆಯಲೆಂದು ನನ್ನ ಗಂಡನ ಎದುರು ಮೊಬೈಲ್ ಎತ್ತಿದರೆ ಸಾಕು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು, ಆಧಾರ್ ಕಾರ್ಡಿನೊಳಗಿನ ಮನುಷ್ಯನಾಗಿಬಿಡುತ್ತಾರೆ. ಸವಣೂರಿನ ನಮ್ಮ ವೀಳ್ಯದೆಲೆ ತೋಟದಲ್ಲಿ ಬಳ್ಳಿ ಕಟ್ಟುತ್ತ ತಮ್ಮಷ್ಟಕ್ಕೆ ಗುನುಗುವವರು ಆಗ ಎಲ್ಲಿ ಹೋಗುತ್ತಾರೋ ಗೊತ್ತಿಲ್ಲ. ಅದಕ್ಕೇ ನಾನು ಅವರ ಮುಖದ ಗೊಡವೆ ಬಿಟ್ಟು ಬೇರೆ ಕಡೆ ಹುಡುಕತೊಡಗಿದೆ. ಹಗ್ಗದ ಮೇಲೆ ಒಣಗುವ ಅಂಗಿಯ ತೋಳು, ಒಂದೇ ಕಡೆ ಸವೆದ ಚಪ್ಪಲಿ, ಉಂಡೆದ್ದ ತಾಟಿನಲ್ಲಿ ಉಳಿದ ಬೆರಳಿನ ಗೆರೆ. ನೋಡಿದವರಿಗೆ ಮೊದಲು ಇದೇನು ಅನ್ನಿಸಬೇಕು, ಆಮೇಲೆ ಇಲ್ಲಿ ಯಾರೋ ಇದ್ದಾರೆ ಅನ್ನಿಸಬೇಕು. ನಮ್ಮ ಮನೆಯಲ್ಲಿ ಇದನ್ನು ನನ್ನ ಹುಚ್ಚು ಅನ್ನುತ್ತಾರೆ.

ಒಂದು ಸಂಜೆ ಅವರು ತೋಟದಿಂದ ಎಲೆ ಕೊಯ್ದುಕೊಂಡು, ಒದ್ದೆ ಗೋಣಿ ಸುತ್ತಿದ ಗಂಟನ್ನು ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಇಳಿಬಿಸಿಲಿಗೆ ಎದುರು ಮನೆಯ ಸುಣ್ಣದ ಗೋಡೆಯ ಮೇಲೆ ಅವರ ನೆರಳು ಉದ್ದಕ್ಕೆ ಬಿತ್ತು. ನಾನು ಗೋಡೆಯನ್ನಷ್ಟೇ ಹಿಡಿದೆ. ಇಡೀ ದಿನದ ದಣಿವು, ಮನೆ ಬಂತೆಂಬ ನಿರಾಳ, ಎಲ್ಲ ಆ ನೆರಳಿನಲ್ಲಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಗಂಡ ನನ್ನ ಫೋಟೊದೊಳಗೆ ಬಂದಿದ್ದರು. ಜೊತೆಗೆ ತೆಗೆದಿದ್ದ ಉಳಿದವನ್ನೆಲ್ಲ ಅಳಿಸಿ ಇದೊಂದನ್ನೇ ಸ್ಟೇಟಸ್ಸಿಗೆ ಹಾಕಿದೆ. ಯಾರೆಂದು ಬರೆಯಲಿಲ್ಲ.

ಹಂಸಭಾವಿಯಿಂದ ನಾದಿನಿಯ ಫೋನ್ ಬಂತು.

"ವೈನಿ, ಆ ರುಮಾಲಿನ ಮನಶ್ಯಾ ಯಾರು?"

"ಯಾವ ರುಮಾಲು?"

"ತಲಿಗೆ ಇಷ್ಟ ದೊಡ್ಡ ರುಮಾಲು ಸುತಗೊಂಡು ನಿಮ್ಮ ಓಣ್ಯಾಗ ಹೊಂಟಾನಲ್ಲ."

"ಅಯ್ಯ, ನಿಮ್ಮಣ್ಣನೇ ಅವರು," ಎಂದು ನಕ್ಕೆ.

"ಹೌದಾ," ಎಂದಳು, ರಾಗ ಎಳೆದು. ಆ ರಾಗ ನನಗೆ ಹಿಡಿಸಲಿಲ್ಲ. ಅವಳು ಮುಂದಿನ ಫೋನನ್ನು ನಮ್ಮ ಅತ್ತೆಗೂ ತನ್ನ ಅಣ್ಣನಿಗೂ ಮಾಡಿದ್ದಾಳೆಂದು ಊಟಕ್ಕೆ ಕೂತಾಗ ತಿಳಿಯಿತು.

"ಅದು ಯಾರ ನೆಳ್ಳು?" ಗಂಡ ಕೇಳಿದರು.

"ನಿಮ್ಮದರೀ."

"ನಾ ಯಾವಾಗ ರುಮಾಲು ಸುತ್ತೇನಿ?"

"ರುಮಾಲಲ್ರೀ, ಎಲಿ ಗಂಟದು."

ಅವರು ಎರಡು ಬೆರಳಲ್ಲಿ ಫೋಟೊವನ್ನು ಎಳೆದೂ ಎಳೆದೂ ಬರೀ ಕಪ್ಪು ಉಳಿಯುವ ತನಕ ದೊಡ್ಡದು ಮಾಡಿದರು. "ಉಳದ ಫೋಟೊ ತೋರ್ಸು."

"ಅಳಸೇನ್ರಿ."

"ಯಾಕ ಅಳಿಸಿದಿ?"

ಚೆನ್ನಾಗಿ ಬಂದದ್ದೊಂದನ್ನೇ ಇಟ್ಟುಕೊಳ್ಳುವುದು ನನ್ನ ರೂಢಿ ಎಂದೆ. ಅದು ನಿಜ. ಆದರೆ ಹೇಳುವಾಗ ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

ನಮ್ಮ ಮನೆಗೆ ಬರುವ ರುಮಾಲಿನವರೆಂದರೆ ಒಬ್ಬರೇ. ಎಲೆ ವ್ಯಾಪಾರಕ್ಕೆಂದು ಹತ್ತಿಮತ್ತೂರಿನಿಂದ ಬರುವ ಮುದುಕರು, ನನ್ನನ್ನು ಮಗಳೇ ಎಂದು ಕರೆಯುವವರು. ಆ ವಾರ ಅವರು ಬಂದಾಗ ಅತ್ತೆ ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಕಳಿಸಿದರು. ಬರ್ರಿ ಎನ್ನಲಿಲ್ಲ, ಚಹಾ ಕೇಳಲಿಲ್ಲ. ಒಳಗೆ ಒಲೆಯ ಮುಂದೆ ಕೂತ ನನಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು.

ಗಂಡ ಹಾನಗಲ್ಲಿಗೆ ಎಲೆ ಮಾರಲು ಹೋಗುತ್ತೇನೆಂದು ಹೊರಟವರು ಅರ್ಧ ದಾರಿಯಿಂದ ತಿರುಗಿ ಬಂದರು. "ಚೀಲ ಮರತಿದ್ದೆ," ಎಂದರು. ಚೀಲ ಅವರ ಹೆಗಲಲ್ಲೇ ಇತ್ತು. ನಾನೇನು ಕಡಿಮೆ? ಅವರು ಫೋನ್ ಹಿಡಿದು ಹಿತ್ತಲಿಗೆ ಹೋದರೆ ನಾನು ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದೆ. ತಂಗಿಯೊಂದಿಗೋ, ಇನ್ಯಾರೊಂದಿಗೋ? ಅವರಿಗೇ ಬೇರೆ ಯಾರೋ ಇದ್ದು ನನ್ನ ಮೇಲೆ ಹಾಕುತ್ತಿದ್ದಾರೆಂದೂ ಒಂದು ಮಧ್ಯಾಹ್ನ ಅನ್ನಿಸಿತು. ಒಂದೇ ಮನೆಯಲ್ಲಿ ಇಬ್ಬರು ಪೊಲೀಸರಾಗಿಬಿಟ್ಟಿದ್ದೆವು.

ಕೊನೆಗೆ ಅವರು, "ನಿಮ್ಮಪ್ಪಗ ಬರಾಕ ಹೇಳೇನಿ," ಎಂದರು. ಶಿಗ್ಗಾಂವಿಯಿಂದ ಅಪ್ಪ ಬಂದು, ಹಿರಿಯರು ಜಮಖಾನೆಯ ಮೇಲೆ ಕೂತು, ನನ್ನ ನಡತೆಯ ಮಾತಾಡುವುದು ಕಣ್ಣಿಗೆ ಕಟ್ಟಿತು. ಒಮ್ಮೆ ಹಾಗೆ ಕೂತರೆಂದರೆ ತಪ್ಪಿಲ್ಲವೆಂದು ಎದ್ದರೂ ಊರು ಕೂತದ್ದನ್ನೇ ನೆನಪಿಟ್ಟುಕೊಳ್ಳುತ್ತದೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊಬೈಲ್ ಒಯ್ದು ಅತ್ತೆಯ ಮುಂದೆ ಹಿಡಿದೆ.

"ಅತ್ತಿ, ನೀವರ ನೋಡ್ರಿ."

ಆಗ ಗೊತ್ತಾಯಿತು, ಅತ್ತೆ ಆ ಫೋಟೊವನ್ನು ನೋಡಿಯೇ ಇರಲಿಲ್ಲ. ಎಲ್ಲ ಮಗಳ ಬಾಯಿಂದ ಕೇಳಿದ್ದು! ಸೆರಗಿನಿಂದ ಚಷ್ಮಾ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ನನ್ನ ಮಗನ ಕೈ. ಮೊಣಕೈ ನೋಡು, ಹೆಂಗ ಸೊಟ್ಟ ಹೊರಗ ಬಂದೈತಿ. ಸಣ್ಣಾಂವ ಇದ್ದಾಗ ನುಗ್ಗಿ ಗಿಡದ ಮ್ಯಾಲಿಂದ ಬಿದ್ದು ಮುರಕೊಂಡಿದ್ದ." ಆಮೇಲೆ ಅಂಗಳದಲ್ಲಿದ್ದ ಮಗನ ಕಡೆ ತಿರುಗಿ ಕೂಗಿದರು, "ಏ ತಮ್ಮಾ, ರುಮಾಲು ಎಲ್ಲಿ ಬಂತೋ? ಎಲಿ ಗಂಟಿದು!"

ಗಂಡ ಬಂದರು. ಬಲಗೈ ಎತ್ತಿ, ಗಂಟು ಹಿಡಿದಂತೆ ತಲೆಯ ಮೇಲಿಟ್ಟುಕೊಂಡು, ಒಮ್ಮೆ ತಮ್ಮ ಮೊಣಕೈಯನ್ನೂ ಒಮ್ಮೆ ಫೋಟೊವನ್ನೂ ನೋಡಿದರು. ಜೋರಾಗಿ ನಕ್ಕರು.

"ಹೌದಲ್ಲ, ನಾನ ಅದೇನಿ! ಎಷ್ಟ ಚಲೋ ತಗದಿ. ಮೊದ್ಲ ಹೇಳಬಾರದೇನು?"

"ಹೇಳಿದ್ದೆ," ಎಂದೆ.

ಅವರಿಗೆ ಕೇಳಿಸಲಿಲ್ಲ. ಆಗಲೇ ಹಂಸಭಾವಿಗೆ ಫೋನ್ ಹಚ್ಚಿ, "ಅವ್ವ ಗುರ್ತು ಹಿಡದ್ಲು," ಎಂದು ತಂಗಿಗೆ ಹೇಳುತ್ತಿದ್ದರು.

ಬರಬೇಡವೆಂದು ಅಪ್ಪನಿಗೆ ಫೋನ್ ಮಾಡುವುದು ನನ್ನ ಪಾಲಿಗೆ ಬಂತು.

"ಏನಾಗಿತ್ತವ್ವಾ?" ಎಂದ ಅಪ್ಪ.

"ಏನಿಲ್ಲಪ್ಪ. ಒಂದು ಫೋಟೊ ತಿಳೀಲಾರದ ಹಂಗಾಗಿತ್ತು."

ಅಪ್ಪ ದನಿ ತಗ್ಗಿಸಿ ಕೇಳಿದ:

"ಖರೇ ಹೇಳವ್ವಾ. ಏನೂ ಇಲ್ದ ಸುಮ್ಮಸುಮ್ಮನ ಹೆಣ್ಣಿನ ಅಪ್ಪನ್ನ ಕರಸ್ತಾರೇನು?"