ಬಿಸಿಲಿಗೆ ಸೀನುವ ಮನೆತನ

ನಮ್ಮ ಮನೆತನದವರು ಬಿಸಿಲು ಕಂಡರೆ ಸೀನುತ್ತೇವೆ. ನೆಗಡಿ ಇರುವುದಿಲ್ಲ, ಧೂಳು ಇರುವುದಿಲ್ಲ, ಒಗ್ಗರಣೆಯ ಘಾಟೂ ಇರುವುದಿಲ್ಲ. ಕತ್ತಲೆಯಿಂದ ಬೆಳಕಿಗೆ ಒಂದು ಹೆಜ್ಜೆ ಇಟ್ಟರೆ ಸಾಕು, ಮೂಗಿನ ತುದಿಯಲ್ಲಿ ಇರುವೆ ಹರಿದಂತಾಗಿ, ಕಣ್ಣು ಅರ್ಧ ಮುಚ್ಚಿ, ಆಕ್ಷೀ! ಒಂದೇ ಒಂದು. ಮೊನ್ನೆ ಮೊಮ್ಮಗಳು ಕಾಲೇಜಿನ ಪುಸ್ತಕ ತೆರೆದು, ಎರಡು ಹಾವು ಹೆಣೆದುಕೊಂಡಂಥ ಚಿತ್ರ ತೋರಿಸಿ, ಇದು ಡಿ.ಎನ್.ಎ., ಇದರಲ್ಲಿ ಜೀನ್‌ಗಳು ಇರುತ್ತವೆ, ಅಪ್ಪ ಅಮ್ಮನ ಗುಣ ಮಕ್ಕಳಿಗೆ ಬರುವುದು ಹೀಗೆ ಎಂದು ಪಾಠ ಮಾಡಿ, "ಗೊತ್ತಾಯ್ತಾ ಗ್ರ್ಯಾನಿ?" ಎಂದಳು. ಗೊತ್ತಾಗದೆ ಏನು, ಮೈ ಡಿಯರ್! ಹನ್ನೆರಡನೆಯ ವಯಸ್ಸಿಗೇ ನಾನು ಈ ವಿಷಯದಲ್ಲಿ ಎಕ್ಸ್‌ಪೆರಿಮೆಂಟ್ ಮಾಡಿದವಳು. ಅದರಿಂದ ಅಕ್ಕನ ಮದುವೆಯೇ ಮುರಿದು ಬೀಳುವುದರಲ್ಲಿತ್ತು.

ಯುರೋಪಿನ ಎರಡನೆಯ ದೊಡ್ಡ ಯುದ್ಧ ಆಗಿನ್ನೂ ಶುರುವಾಗಿರಲಿಲ್ಲ. ಚಳ್ಳಕೆರೆಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡು ಮೊಳ ದಪ್ಪ. ಕಿಟಕಿ ಎಂಬ ಪದಾರ್ಥವೇ ಇಲ್ಲ. ಮೇಲೆ ಗವಾಕ್ಷಿಯಿಂದ ಊಟದ ತಟ್ಟೆಯಗಲದ ಬೆಳಕು ಬೀಳುತ್ತಿತ್ತು, ಅಷ್ಟೇ. ಹೊಸ್ತಿಲಾಚೆಗೆ ನಮ್ಮೂರ ಬಿಸಿಲು. ಹೊಸ್ತಿಲು ದಾಟಿದವರು ಸೀನಿದರು ಎಂದೇ ಲೆಕ್ಕ.

ಸೀನಿದರೆ ಏನು ಕಷ್ಟ ಎನ್ನುತ್ತೀರಾ? ಹೊರಡುವ ಹೊತ್ತಿಗೆ ಒಂಟಿ ಸೀನು ಕೇಳಿಸಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮ ಕಡೆ ಗಟ್ಟಿಯಾದ ನಂಬಿಕೆ. ಒಳಗೆ ವಾಪಸು ಬಂದು, ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಜೋಡಿ ಸೀನಾದರೆ ಶುಭ, ಆದರೆ ನಮ್ಮದು ಒಂಟಿ. ಅಪ್ಪ ಶೇಂಗಾ ಮತ್ತು ಕಂಬಳಿ ವ್ಯಾಪಾರಿ. ದೊಡ್ಡಉಳ್ಳಾರ್ತಿಯ ಕಡೆ ಕುರಿಹಟ್ಟಿಗೆ ಹೊರಡಬೇಕೆಂದು ಪೇಟ ಸುತ್ತಿ, ಗತ್ತಿನಿಂದ ಹೊಸ್ತಿಲು ದಾಟಿ, ಸೀನಿ, ಒಳಗೆ ಬಂದು ಕತ್ತಲಲ್ಲಿ ಕೂತು, ನೀರು ಕುಡಿದು, ಮತ್ತೆ ದಾಟಿ, ಮತ್ತೆ ಸೀನುತ್ತಿದ್ದರು! ಕತ್ತಲಲ್ಲಿ ಕೂತದ್ದರಿಂದಲೇ ಮುಂದಿನ ಸೀನು ತಯಾರಾಗುತ್ತದೆ ಎಂಬುದು ತಲೆತಲಾಂತರದಿಂದ ಯಾರಿಗೂ ಹೊಳೆದಿರಲಿಲ್ಲ. ಹೂಡಿದ ಎತ್ತುಗಳು ನಿಂತಲ್ಲೇ ತೂಕಡಿಸುತ್ತಿದ್ದವು. ಕೊನೆಗೆ ಅಪ್ಪನ ತಾಯಿ, ನಮ್ಮ ಅಜ್ಜಿ, ಒಂದು ಕಾನೂನು ಮಾಡಿದ್ದಳು. "ಮೂರು ಸಲ ಕುಂತು ಎದ್ದ ಮ್ಯಾಲೆ ಶಿವನಿಗೂ ಸಾಕಾಗಿರ್ತೈತೆ. ಹೋಗು ಅತ್ಲಾಗೆ."

ಅಪ್ಪ ಹೀಗೆ ಚೊಂಬುಗಟ್ಟಲೆ ನೀರು ಕುಡಿಯುವುದು ನಮಗೆಲ್ಲ ತಮಾಷೆ. ಅಕ್ಕನಿಗೆ ಮಾತ್ರ ಅದು ತಮಾಷೆಯಾಗಿ ಉಳಿದಿರಲಿಲ್ಲ. ಹೆಣ್ಣು ನೋಡಲು ಬಂದವರ ಕಾಲಿಗೆ ಹುಡುಗಿಯೇ ಅಂಗಳಕ್ಕೆ ನೀರು ತರಬೇಕು. ನಡಿಗೆ, ಕೈ, ಮುಖ ಎಲ್ಲವನ್ನೂ ಅವರು ಅಲ್ಲೇ ನೋಡಿಬಿಡುತ್ತಾರೆ. ಮೊದಲ ಸಲ ಬಂದ ಗಂಡಿನವರು ಗಾಡಿಯಿಂದ ಇಳಿಯುವಾಗ ಅಕ್ಕ ಚೊಂಬು ಹಿಡಿದು ಹೊಸ್ತಿಲು ದಾಟಿ ಸೀನಿದಳು. ಅವರು ನೀರನ್ನೂ ಮುಟ್ಟದೆ ಗಾಡಿ ತಿರುಗಿಸಿದರು. ಎರಡನೆಯವರೂ ಹಾಗೆಯೇ ಹೋದರು. ಅಕ್ಕನಿಗೆ ಹದಿನೆಂಟಾಯಿತು, ಆಗಿನ ಕಾಲಕ್ಕೆ ಅದು ಬಹಳ. ಆಗ ಮೊಳಕಾಲ್ಮೂರಿನಿಂದ ಮಾತು ಬಂತು, ರೇಷ್ಮೆ ಸೀರೆ ವ್ಯಾಪಾರದ ಮನೆ. ಆ ಹುಡುಗನನ್ನು ಅಕ್ಕ ಒಮ್ಮೆ ನೋಡಿದ್ದಳು. ಎರಡೂ ಮನೆಯವರು ಜಾತ್ರೆಗೆಂದು ಒಂದೇ ದಿನ ಜಟಿಂಗ ರಾಮೇಶ್ವರದ ಬೆಟ್ಟ ಹತ್ತುವಾಗ ಕೋತಿಯೊಂದು ಅವನ ಪೇಟ ಕಿತ್ತುಕೊಂಡು ತಾನೇ ಇಟ್ಟುಕೊಂಡಿತಂತೆ. ಅವನು ಸಿಟ್ಟಾಗದೆ, "ನನಗಿಂತ ಅದಕ್ಕೇ ಚೆನ್ನಾಗೈತೆ ಬಿಡ್ರಿ" ಎಂದು ಮೆಟ್ಟಿಲ ಮೇಲೆ ಕೂತು ನಕ್ಕನಂತೆ. ಇದನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದಳೆಂದರೆ ಆ ಕೋತಿಯ ಮುಖ ನನಗೂ ಬಾಯಿಪಾಠವಾಗಿತ್ತು.

"ಈ ಸಲನೂ ಸೀನಿದ್ರೆ ನಾನು ಬಾವಿ ಕಟ್ಟೆ ಮ್ಯಾಲೆ ಕುಂತು ಅತ್ತೇ ಅಳ್ತೀನಿ, ನೋಡ್ಕ" ಎಂದಳು.

ನಾನು ಬಳ್ಳಾರಿಯ ಒಂದು ಕಾನ್ವೆಂಟಿನಿಂದ ಬೇಸಿಗೆ ರಜೆಗೆ ಬಂದಿದ್ದೆ. ಅಲ್ಲಿ ತೋಟ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರಿಗೆ ಬಟಾಣಿ ಎಂದರೆ ಪ್ರಾಣ. ದೂರದ ದೇಶದ ಮಠವೊಂದರಲ್ಲಿ ಒಬ್ಬ ಸನ್ಯಾಸಿ ಎತ್ತರದ ಬಟಾಣಿಯನ್ನೂ ಗಿಡ್ಡ ಬಟಾಣಿಯನ್ನೂ ಕೂಡಿಸಿದನಂತೆ. ಹುಟ್ಟಿದ ಗಿಡಗಳೆಲ್ಲ ಎತ್ತರ! ಗಿಡ್ಡತನ ಕಳೆದೇ ಹೋಯಿತು ಎಂದುಕೊಂಡರೆ ಮೊಮ್ಮಕ್ಕಳ ಕಾಲಕ್ಕೆ ನಾಲ್ಕರಲ್ಲಿ ಒಂದು ಗಿಡವಾಗಿ ಮತ್ತೆ ಹಾಜರಾಯಿತು. ಪ್ರತಿ ಗುಣಕ್ಕೂ ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು ಬರುತ್ತದೆ, ಕೆಲವು ಪಾಲು ಜೋರು, ಕೆಲವು ಮೆತ್ತಗೆ ಎಂದು ಸಿಸ್ಟರ್ ಹೇಳಿದಾಗ ಉಳಿದ ಹುಡುಗಿಯರು ಆಕಳಿಸುತ್ತಿದ್ದರು. ನನಗೆ ಮಾತ್ರ ಮೈ ಝುಮ್ಮೆಂದಿತು. ನಮ್ಮ ಮನೆಯ ಸೀನು!

ಇದನ್ನು ಅಜ್ಜಿಗೆ ಹೇಳಿದೆ.

"ಯಾವ ಮಠ?" ಎಂದಳು ಅಜ್ಜಿ ಮೊದಲಿಗೆ.

"ಬೇರೆ ದೇಶದ್ದು ಅಜ್ಜಿ."

"ಸ್ವಾಮಿಗಳು ಬಟಾಣಿ ಎಣಿಸ್ಕಂತ ಕುಂತ್ರೆ ಪೂಜೆ ಯಾರು ಮಾಡ್ತಿದ್ರು?"

"ಪೂಜೆ ಮುಗಿಸಿ ಎಣಿಸ್ತಿದ್ರು."

"ಹಂಗಾದ್ರೆ ಸರಿ" ಎಂದು ಅಜ್ಜಿ ಸಮಾಧಾನವಾಗಿ, "ಈಗ ನನ್ನ ಏನು ಮಾಡು ಅಂತೀಯ?" ಎಂದಳು.

ನಾನು ಅವಳನ್ನು ಶೇಂಗಾ ತುಂಬುವ ಕೋಣೆಗೆ ನೂಕಿ, ನೂರು ಎಣಿಸಿ, ಅಂಗಳಕ್ಕೆ ಎಳೆದು ತಂದೆ. ಆಕ್ಷೀ! ಅಂದು ಯಾವುದೋ ಪೂಜೆಗೆಂದು ಸೋದರತ್ತೆ, ಅವಳ ಮಕ್ಕಳು, ದೊಡ್ಡಪ್ಪನ ಮನೆಯವರು ಎಲ್ಲ ಬಂದಿದ್ದರು. ಒಬ್ಬರನ್ನೂ ಬಿಡಲಿಲ್ಲ. ಒಳಗೆ ಐದು ಜನ ಕತ್ತಲಲ್ಲಿ ಎಣಿಸುತ್ತಿದ್ದರೆ ಹೊರಗೆ ಐದು ಜನ ಮೂಗು ಮೇಲೆತ್ತಿ ನಿಂತಿದ್ದರು. ಸೀನು ಬಂದವರಿಗೆ ಚಪ್ಪಾಳೆ, ಬಾರದವರಿಗೆ "ಅಯ್ಯೋ ಪಾಪ." ದೊಡ್ಡಪ್ಪ ಸೀನು ಬಾರದೆ ಅವಮಾನವಾಗಿ, ನಶ್ಯ ಏರಿಸಿ ಮೋಸ ಮಾಡಲು ಹೋಗಿ ಸಿಕ್ಕಿಬಿದ್ದರು. ವಾಟ್ ಎ ಡೇ! ಸಂಜೆಯೊಳಗೆ ನನ್ನ ನೋಟ್‌ಬುಕ್ಕಿನಲ್ಲಿ ವಂಶವೃಕ್ಷ ತಯಾರಾಗಿತ್ತು. ಅಜ್ಜಿ ಸೀನುತ್ತಾಳೆ, ಅವಳ ಮಕ್ಕಳಲ್ಲಿ ಅಪ್ಪ ಮತ್ತು ಸೋದರತ್ತೆ ಸೀನುತ್ತಾರೆ. ಸೀನದ ದೊಡ್ಡಪ್ಪನ ಮಕ್ಕಳು ಒಬ್ಬರೂ ಸೀನುವುದಿಲ್ಲ. ಬೇರೆ ಮನೆಯಿಂದ ಬಂದ ನಮ್ಮ ಅವ್ವ ಸೀನುವುದಿಲ್ಲ. ಅವ್ವನ ನಾಲ್ಕು ಮಕ್ಕಳಲ್ಲಿ ಅಕ್ಕ ಮತ್ತು ನಾನು ಸೀನುತ್ತೇವೆ, ಅಣ್ಣಂದಿರಿಬ್ಬರೂ ಇಲ್ಲ. ಅಂದರೆ ಸೀನಿನ ಪಾಲು ಜೋರಿನದು, ಒಂದಿದ್ದರೂ ಸಾಕು. ಮಕ್ಕಳಲ್ಲಿ ಸರಿಸುಮಾರು ಅರ್ಧ ಜನಕ್ಕೆ ಬರುತ್ತದೆ. ಇನ್ನೊಂದೂ ಗೊತ್ತಾಯಿತು. ಒಮ್ಮೆ ಸೀನಿ ಬಿಸಿಲಲ್ಲೇ ನಿಂತವರು ಮತ್ತೆ ಸೀನುವುದಿಲ್ಲ.

"ಅಕ್ಕ, ನೀನು ಒಳಗಿಂದ ಬರಲೇಬೇಡ" ಎಂದೆ. "ಅವರು ಬರೋಕೆ ಮುಂಚೆನೇ ಅಂಗಳದಲ್ಲಿ ಕೂತು ಸೀನಿ ಮುಗಿಸಿಬಿಡು. ಆಮೇಲೆ ನೀರು ಕೊಡು."

ಅವ್ವ ಹಣೆ ಚಚ್ಚಿಕೊಂಡಳು. "ಮದ್ಲೇ ಕಪ್ಪು. ಬಿಸಿಲಿಗೆ ಇಟ್ರೆ ಹಪ್ಪಳ ಆಗ್ತಾಳೆ."

"ಹಪ್ಪಳ ಆದ್ರೂ ಪರ್ವಾಗಿಲ್ಲವ್ವ" ಎಂದಳು ಅಕ್ಕ. ಅವಳ ದನಿಯಲ್ಲಿ ಏನಿತ್ತೋ, ಅವ್ವ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆಯಲು ಎದ್ದಳು.

ಗಂಡಿನವರು ಬಂದದ್ದು ನಡುಮಧ್ಯಾಹ್ನಕ್ಕೆ. ಬೆಳಗಿನ ಹೊತ್ತು ಬರುತ್ತೇವೆ ಎಂದವರ ಗಾಡಿಯ ಕೀಲು ದಾರಿಯಲ್ಲಿ ಸಡಿಲವಾಗಿತ್ತಂತೆ. ಅಷ್ಟು ಹೊತ್ತೂ ಅಕ್ಕ ಮೊಳಕಾಲ್ಮೂರಿನ ರೇಷ್ಮೆಯನ್ನೇ ಉಟ್ಟು, ಚೊಂಬು ಮುಂದಿಟ್ಟುಕೊಂಡು, ಅಂಗಳದ ಬಿಸಿಲಲ್ಲಿ ತಪಸ್ಸಿಗೆ ಕೂತವಳಂತೆ ಕೂತಿದ್ದಳು. ಚೊಂಬಿನ ನೀರು ಕಾದು ಸ್ನಾನಕ್ಕೆ ಆಗುವಂತಿತ್ತು. ಗಾಡಿಯ ಗೆಜ್ಜೆ ಕೇಳಿಸಿತು. ಅಕ್ಕ ಎದ್ದು ನಿಂತಳು. ಸೀನು ಇಲ್ಲ! ಸೈನ್ಸ್ ಗೆದ್ದಿತು ಎಂದು ನಾನು ಬಾಗಿಲ ಒಳಗೇ ನಿಂತು ಕುಣಿದೆ.

ಹುಡುಗನ ತಾಯಿ ಗಾಡಿಯಿಂದ ಒಂದು ಕಾಲು ಕೆಳಗಿಟ್ಟರು. "ಬರ್ರಿ ಬರ್ರಿ" ಎಂದು ಅಪ್ಪ ಕತ್ತಲೆಯಿಂದ ಹೊಸ್ತಿಲು ದಾಟಿ ಓಡಿದರು. ಆಕ್ಷೀ! ಹಿಂದೆಯೇ ಅಜ್ಜಿ ಕೈ ಮುಗಿಯುತ್ತ ಬಂದಳು. ಆಕ್ಷೀ! ಅವರನ್ನು ತಡೆಯಬೇಕೆಂದು ಹಾರಿದ ನಾನು, ಆಕ್ಷೀ!

ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಮರೆತಿದ್ದೆ! ಹುಡುಗನ ತಾಯಿ ಇಳಿಸಿದ್ದ ಕಾಲನ್ನು ನಿಧಾನವಾಗಿ ಗಾಡಿಯೊಳಗೆ ತೆಗೆದುಕೊಂಡರು. ಅಕ್ಕ ಚೊಂಬು ಹಿಡಿದು ಕಲ್ಲಿನಂತೆ ನಿಂತಿದ್ದಳು.

"ಮೂರಾತು ಕಣವ್ವ" ಎಂದಳು ಅಜ್ಜಿ, ಸೋಲದೆ. "ಮೂರು ಬಲು ಒಳ್ಳೇದು. ಶಿವನಿಗೆ ಕಣ್ಣೆಷ್ಟು?"

"ಮೂರಲ್ಲ ದೊಡ್ಡವ್ವಾರೆ, ಮೂರು ಒಂಟಿ" ಎಂದರು ಆಕೆ. ಆಮೇಲೆ ಅಕ್ಕನ ಮುಖ ನೋಡಿ, ತಮ್ಮ ಮನೆಯ ತೆಲುಗು ಬೆರೆಸಿ, "ಏಮಮ್ಮಾ, ಈ ಹುಡುಗಿ ಯಾಕೆ ಹಿಂಗೆ ಬೆಂದೈತೆ?"

ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ಮೊಣಕಾಲೂರಿಸುತ್ತಿದ್ದರು, ಅದೇ ಅಭ್ಯಾಸ ನೋಡಿ. ನಾನು ನೋಟ್‌ಬುಕ್ ತಂದು ಎಲ್ಲವನ್ನೂ ಒದರಿಬಿಟ್ಟೆ. ಅಕ್ಕನಿಗೂ ಸೀನು ಐತೆ, ಮೊದಲೇ ಬಿಸಿಲಿಗೆ ಕೂರಿಸಿ ಮುಗಿಸಿದ್ದೇವೆ, ಇದು ಶಕುನವಲ್ಲ, ರಕ್ತದಲ್ಲಿ ಬಂದದ್ದು, ಅಜ್ಜಿಯ ಮೂಗಿನಿಂದ ಅಪ್ಪನಿಗೆ, ಅಪ್ಪನಿಂದ ನಮಗೆ.

"ಹಂಗಾದ್ರೆ ನನ್ನ ಮೊಮ್ಮಕ್ಕಳಿಗೂ ಬರ್ತೈತಾ?" ಎಂದರು ಹುಡುಗನ ತಾಯಿ.

"ಅರ್ಧ ಜನಕ್ಕೆ" ಎಂದೆ. ಗುಡ್ ಹೆವೆನ್ಸ್! ಅವ್ವ ನನ್ನ ಜಡೆ ಹಿಡಿದು ಎಳೆದಳು. ಅಪ್ಪ ನೆಲ ನೋಡಿದರು. ಅಕ್ಕನ ಕಣ್ಣು ತುಂಬಿ ಬಂತು. ನನ್ನ ಬಾಯಿಂದಲೇ ಅವಳ ಮದುವೆ ಮುರಿಯಿತು ಎಂದುಕೊಂಡೆ.

ಗಾಡಿಯಿಂದ ಹುಡುಗ ಕತ್ತು ಚಾಚಿ, "ಯಾವ ಅರ್ಧ? ಹಿರೇರಿಗಾ, ಕಿರೇರಿಗಾ?" ಎಂದ.

"ನೀ ಸುಮ್ನಿರೋ" ಎಂದು ತಾಯಿ ಗದರಿ, ಕೆಳಗಿಳಿದರು. ಎರಡೂ ಕಾಲು ಇಟ್ಟೇ ಇಳಿದರು. ಜರಿಯ ಎಳೆಯನ್ನು ಕಿತ್ತು, ಕೆರೆದು, ಸುಟ್ಟು ನೋಡದೆ ಯಾರ ಮಾತನ್ನೂ ನಂಬದ ವ್ಯಾಪಾರದ ಮನೆಯ ಹೆಂಗಸು ಅವರು. "ಸಾವ್ಕಾರ್ರೆ, ಒಳಗೆ ಹೋಗಿ ನೂರು ಎಣಿಸಿ ಬರ್ರಿ, ನೋಡಾನ."

ನಮ್ಮ ಅಪ್ಪ, ಇಡೀ ಪೇಟೆ ಎದ್ದು ನಿಂತು ಮಾತಾಡಿಸುವ ಮನುಷ್ಯ, ವಿಧೇಯ ವಿದ್ಯಾರ್ಥಿಯಂತೆ ಒಳಗೆ ಹೋದರು. ಒಳಗಿನಿಂದ ಎಣಿಕೆ ಕೇಳುತ್ತಿತ್ತು. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ಹೊಸ್ತಿಲು ದಾಟಿದರು. ಆಕ್ಷೀ!

"ಇಂಕೋಸಾರಿ" ಎಂದರು ಆಕೆ, ಇನ್ನೊಮ್ಮೆ ಎಂದು. ಇನ್ನೊಮ್ಮೆಯೂ ಬಂತು. ಆಮೇಲೆ ಅಜ್ಜಿಯ ಸರದಿ. ಆಮೇಲೆ ನನ್ನದು. ಆಕೆಯ ತುಟಿ ಅದುರತೊಡಗಿತ್ತು. ಕೊನೆಗೆ ಅಕ್ಕನನ್ನು ಕೈ ಹಿಡಿದು ತಾವೇ ಒಳಗೆ ಕರೆದುಕೊಂಡು ಹೋದರು. ನೂರು ಎಣಿಸುವಷ್ಟು ಹೊತ್ತು ಆ ಕತ್ತಲಲ್ಲಿ ಇಬ್ಬರೂ ಏನು ಮಾತಾಡಿದರೋ, ಅಕ್ಕ ಕೊನೆಯವರೆಗೂ ನನಗೆ ಹೇಳಲಿಲ್ಲ. ಹೊರಗೆ ಬಂದಳು, ಮುಖ ಮೇಲೆತ್ತಿದಳು, ಊರೇ ಕೇಳುವಂತೆ ಸೀನಿದಳು. ಗಾಡಿಯಲ್ಲಿದ್ದ ಹುಡುಗ ಚಪ್ಪಾಳೆ ತಟ್ಟಿದ. ಆಗ ಆ ಹೆಂಗಸಿನ ಗಾಂಭೀರ್ಯ ಒಡೆಯಿತು. ಜಗಲಿಯ ಮೇಲೆ ಕುಸಿದು ಹೊಟ್ಟೆ ಹಿಡಿದು ನಕ್ಕರು. ಅಜ್ಜಿ ನಕ್ಕಳು, ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಅಪ್ಪ ಮೂಗು ಒರೆಸಿಕೊಳ್ಳುತ್ತಲೇ ನಕ್ಕರು.

"ಕರೆದಾಗೆಲ್ಲ ಬರೋದು ಶಕುನ ಹೆಂಗಾಗ್ತೈತೆ?" ಎಂದರು ಆಕೆ, ಕಣ್ಣು ಒರೆಸಿಕೊಂಡು. "ಶಕುನ ಯಾರ ಮಾತೂ ಕೇಳಲ್ಲ. ಇದು ಮೂಗು. ಕಾಲಿಗೆ ನೀರು ಕೊಡವ್ವ."

ಅಕ್ಕ ಕೊಟ್ಟಳು. ನೀರು ಕಾದಿದ್ದರಿಂದ ಆಕೆ ಒಂದು ಸಲ ಕಾಲು ಹಿಂದಕ್ಕೆಳೆದು, ಮತ್ತೆ ಮುಂದಿಟ್ಟರು.

ಮರುವರ್ಷದ ರಜೆಗೆ ನಾನು ಬರುವಷ್ಟರಲ್ಲಿ ಅಕ್ಕ ಬಾಣಂತನಕ್ಕೆ ನಮ್ಮ ಮನೆಯಲ್ಲಿದ್ದಳು, ಹೆಣ್ಣು ಕೂಸು. ಕತ್ತಲೆಯ ಬಾಣಂತಿ ಕೋಣೆಯಿಂದ ಕೂಸನ್ನು ಮೊದಲ ಸಲ ಬಿಸಿಲಿಗೆ ತರುವ ದಿನ ಅಕ್ಕನ ಅತ್ತೆ ಮೊಳಕಾಲ್ಮೂರಿನಿಂದ ಎರಡು ಗಾಡಿ ತುಂಬ ನೆಂಟರನ್ನು ತಂದರು. ಎಲ್ಲರಿಗೂ ಸೀನು ನೋಡುವ ಹುಚ್ಚು. ಕೂಸನ್ನು ತಾವೇ ಎತ್ತಿಕೊಂಡು ಹೊಸ್ತಿಲು ದಾಟಿದರು. ಜನ ಉಸಿರು ಬಿಗಿಹಿಡಿದರು. ಕೂಸು ಕಣ್ಣು ಕಿರಿದು ಮಾಡಿತು, ಮೂಗು ಸೊಟ್ಟ ಮಾಡಿತು, ಆಮೇಲೆ ದೊಡ್ಡದಾಗಿ ಆಕಳಿಸಿತು.

"ಎಲ್ಲೇ ಸೀನು?" ಎಂದು ಅಕ್ಕನ ಅತ್ತೆ ನನ್ನ ಕಡೆ ತಿರುಗಿದರು, ಮೋಸ ಹೋದವರಂತೆ. "ಅರ್ಧ ಅಂದಿದ್ಯಲ್ಲ?"

"ಅರ್ಧ ಅಂದ್ರೆ ಒಂದು ಬಿಟ್ಟು ಒಂದು ಅಂತಲ್ಲ ಅತ್ತೆ. ಪ್ರತಿ ಕೂಸಿಗೂ ಹೊಸದಾಗಿ ಚೀಟಿ ಎತ್ತಿದ ಹಾಗೆ. ಇದಕ್ಕೆ ಅಕ್ಕನ ಇನ್ನೊಂದು ಪಾಲು ಸಿಕ್ಕಿರಬೇಕು."

ಅವರಿಗೆ ನಂಬಿಕೆ ಬರಲಿಲ್ಲ. ಕೂಸನ್ನು ಒಳಗೆ ಒಯ್ದು ನೂರು ಎಣಿಸಿದರು, ತಂದರು. ಇಲ್ಲ. ಮತ್ತೆ ಒಯ್ದರು, ತಂದರು. ನೆಂಟರು ಪಂಥ ಕಟ್ಟತೊಡಗಿದರು. ನಾಲ್ಕನೆಯ ಸಲ ಒಳಗೆ ಒಯ್ಯಲು ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಬಾಗಿಲಿಗೆ ಅಡ್ಡವಾಗಿ ಅಕ್ಕ ಬಂದು ನಿಂತಳು. ತಲೆಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ, ಎರಡೂ ಕೈ ಚಾಚಿದಳು.

"ಸಾಕು ಕೊಡ್ರಿ ಅತ್ತೆ ಇಲ್ಲಿ. ಕೂಸಿಗೆ ಬಿಸಿಲು ಹತ್ತೈತೆ. ಸೀನು ಬೇಕಂದ್ರೆ ನಾನಿಲ್ವ?"

ಅತ್ತೆ ಒಂದು ಗಳಿಗೆ ಸೊಸೆಯ ಮುಖ ನೋಡಿದರು. ಕೂಸನ್ನು ಕೊಟ್ಟು, ನೆಂಟರ ಕಡೆ ತಿರುಗಿ, "ಬರ್ರಿ, ಊಟಕ್ಕೇಳ್ರಿ, ನೋಡಿದ್ದಾತು" ಎಂದರು.