ಚಿಪ್ ಬೀಳುವ ಜಾಗ

ನಮ್ಮ ಮನೆಯವರು ಬ್ಯಾಂಕ್ ಕಾರ್ಡುಗಳ ಮೇಲೆ ಜನರ ಫೋಟೋ ಕೂರಿಸುವ ಕೆಲಸ ಮಾಡುತ್ತಿದ್ದರು. ಗಿರಾಕಿಗಳು ತಮಗೆ ಬೇಕಾದ ಫೋಟೋ ಕಳಿಸುತ್ತಾರೆ. ಅದನ್ನು ಕಂಪ್ಯೂಟರ್ ಪರದೆಯ ಮೇಲೆ ಎಳೆದು, ಸರಿಸಿ, ಕಾರ್ಡಿನ ಅಳತೆಗೆ ಹೊಂದಿಸಬೇಕು. ಎಡಗಡೆ ಚಿಪ್ ಬರುತ್ತದೆ. ಅದರ ಕೆಳಗೆ ಮುಖ ಸಿಕ್ಕಿಕೊಂಡರೆ ಕೆಲಸ ಕೆಟ್ಟಂತೆ.

ಮೊದಲು ಫೋಟೋ ಸ್ಟುಡಿಯೋದಲ್ಲಿದ್ದರು. ಅದು ಮುಚ್ಚಿತು. "ಮದುವೆ ಹೆಣ್ಣುಗಳ ಮೊಡವೆ ಅಳಿಸೋದು ತಪ್ತು," ಎಂದು ನಕ್ಕು ಇಲ್ಲಿಗೆ ಸೇರಿದರು. ಸಂಜೆ ಬಂದರೆ ಅಂಗಿಗೆ ಕಾದ ಪ್ಲಾಸ್ಟಿಕ್ ವಾಸನೆ. ಬಾಗಿಲಲ್ಲೇ ಬಿಚ್ಚಿ ಎಂದು ಗದರುತ್ತಿದ್ದೆ.

ಊಟಕ್ಕೆ ಕೂತಾಗ, "ಇವತ್ತು ಯಾರು ಬಂದಿದ್ರು ರೀ?" ಎಂದು ಕೇಳುತ್ತಿದ್ದೆ. ಬರುವುದು ಫೋಟೋದಲ್ಲಿ. ನಾಯಿಗಳೇ ಜಾಸ್ತಿ ಬರುತ್ತಿದ್ದವು. ಆಮೇಲೆ ಮಕ್ಕಳು. ಒಬ್ಬ, ತನ್ನ ಹೆಂಡತಿ ಮುಖ ಊದಿಸಿಕೊಂಡು ನಿಂತ ಫೋಟೋ ಕಳಿಸಿದ್ದನಂತೆ.

"ಅದ್ಯಾಕೆ ಅದೇ ಫೋಟೋ?"

"ಖರ್ಚು ಮಾಡೋಕೆ ಮುಂಚೆ ಭಯ ಬರ್ಲಿ ಅಂತ. ನಿಂದೂ ಒಂದು ಕೊಡು, ನಂಗೂ ಬೇಕಾಗುತ್ತೆ."

"ನಿಮ್ಮ ಬಾಯಿಗೆ ಬೀಗ ಹಾಕ!"

ತಟ್ಟೆ ಒಣಗಿದರೂ ಮಾತು ಮುಗಿಯುತ್ತಿರಲಿಲ್ಲ. ಬಸ್ಸಿನಲ್ಲಿ ಯಾವುದೋ ಮಗುವನ್ನು ನೋಡಿ, "ಈ ಮಗೂನ ಮೊನ್ನೆ ಕಾರ್ಡಿಗೆ ಹಾಕಿದೆ ಕಣೆ," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಅದರ ಅಪ್ಪ ಅಮ್ಮ ಯಾರೋ ಗೊತ್ತಿಲ್ಲ. ನಗು ಮಾತ್ರ ಗೊತ್ತು.

ನನ್ನ ಹೆಸರಿಗೆ ಕಾರ್ಡ್ ಇರಲಿಲ್ಲ. ಅವರದೇ ಸಾಕಿತ್ತು. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಕೂತವರು ಏಳಲಿಲ್ಲ. ಅವರ ಕಾರ್ಡ್ ಇನ್ನು ನಡೆಯುವುದಿಲ್ಲ, ನಿಮ್ಮ ಹೆಸರಿಗೆ ಬೇರೆ ಕಾರ್ಡ್ ಮಾಡಿಸಿ ಎಂದರು ಬ್ಯಾಂಕಿನವರು. ಅದರ ಮೇಲೆ ಅವರ ಮುಖ ಇರಲೇಬೇಕು ಎಂದು ಹಟ ಹಿಡಿದೆ.

ಊರವರ ಫೋಟೋ ಕೂರಿಸಿದ ಮನುಷ್ಯ ತಾನು ಫೋಟೋಗೆ ನಿಂತದ್ದು ಕಡಿಮೆ. ಕೆಲಸದ ಗುರುತಿನ ಚೀಟಿಯಲ್ಲೊಂದು ಇದೆ, ಸಿಕ್ಕಿಬಿದ್ದ ಕಳ್ಳನ ಹಾಗೆ. ನಕ್ಕಿರುವುದು ಒಂದರಲ್ಲೇ. ಸಮುದ್ರದ ದಡದಲ್ಲಿ ನನ್ನ ತಮ್ಮ ತೆಗೆದದ್ದು. ಅವರು ಎಡಕ್ಕೆ, ನಾನು ಬಲಕ್ಕೆ.

ಅದನ್ನು ತೆಗೆದುಕೊಂಡು ಅವರ ಕೆಲಸದ ಜಾಗಕ್ಕೆ ಹೋದೆ. ಪಕ್ಕದ ಮೇಜಿನ ಹೆಂಗಸನ್ನು ಅವರು ಗಿಣಿ ಎನ್ನುತ್ತಿದ್ದರು, ಬಾಯಿ ಮುಚ್ಚುವುದಿಲ್ಲ ಎಂದು. ಅವಳು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ಫೋಟೋ ಪರದೆಗೆ ಹಾಕಿದಳು. ಚಿಪ್‌ನ ಚೌಕ ಸರಿಯಾಗಿ ಅವರ ಮುಖದ ಮೇಲೆ ಬಂದು ಕೂತಿತು.

"ಅಕ್ಕಾ, ಎಲ್ಲರ ಮುಖಾನೂ ತಪ್ಪಿಸ್ತಿದ್ದ ಅಣ್ಣ ತಾವೇ ಇಲ್ಲಿ ಬಂದು ನಿಂತಿದ್ದಾರಲ್ಲ!"

"ಸರಿಸೇ."

"ಹಾಗೇ ಸರಿಸಿದ್ರೆ ಎಡಗಡೆ ಖಾಲಿ ಉಳಿಯುತ್ತೆ. ಫೋಟೋನೇ ಎಡ-ಬಲ ಮಗುಚ್ತೀನಿ ನೋಡಿ, ಬಲಗಡೆ ಬರ್ತಾರೆ."

ಒತ್ತಿದಳು. ಅವರು ಬಲಕ್ಕೆ ಹೋದರು, ನಾನು ಚಿಪ್‌ನ ಕೆಳಗೆ. ನಗು ಅದೇ. ಆದರೆ ತುಟಿಯ ಪಕ್ಕದ ಮಚ್ಚೆ ಆಚೆ ಬದಿಗೆ ಹೋಗಿತ್ತು, ಬೈತಲೆಯೂ ಆಚೆಗೆ. ಅವರ ತಮ್ಮನೋ ಯಾರೋ ಬಂದು ನಿಂತ ಹಾಗಿತ್ತು.

"ಬೇಡ. ಇವರು ನಮ್ಮನೆಯವರಲ್ಲ."

"ಯಾರಿಗೂ ಗೊತ್ತಾಗಲ್ಲ ಅಕ್ಕಾ."

"ನಂಗೆ ಗೊತ್ತಾಗುತ್ತಲ್ಲ."

ಗಿಣಿ ಉಗುರು ಕಚ್ಚಿದಳು. "ಇನ್ನೊಂದು ದಾರಿ ಇದೆ. ಅಣ್ಣನ್ನ ದೊಡ್ಡದು ಮಾಡಿ ನಡುವಿಗೆ ತರಬಹುದು. ಚಿಪ್ ನೀರಿನ ಮೇಲೆ ಬೀಳುತ್ತೆ. ಆದ್ರೆ..." ನನ್ನ ಮುಖ ನೋಡಿದಳು. "ನೀವು ಹೊರಗೆ ಹೋಗ್ತೀರಿ."

"ಹೋಗ್ತೀನಿ. ಮಾಡು."

"ಎಷ್ಟು ಚೆನ್ನಾಗಿ ಬಂದಿದ್ದೀರಿ ಅಕ್ಕಾ, ಇಬ್ಬರೂ ಜೊತೇಲಿ."

"ನನ್ನ ಮುಖ ಕನ್ನಡೀಲಿ ನೋಡ್ಕೋತೀನಿ ಕಣೇ. ಅವರದ್ದು ಎಲ್ಲಿ ನೋಡ್ಲಿ?"

ಅವಳು ಮೌಸ್ ಹಿಡಿದು ಫೋಟೋ ದೊಡ್ಡದು ಮಾಡಿದಳು. ಎಳೆದಳು. ನಾನು ಬಲಗಡೆಯಿಂದ ಜಾರಿ ಹೋದೆ. ಅವರು ನಡುವೆ ಬಂದು ನಿಂತರು, ಮಚ್ಚೆ ಅದರ ಜಾಗದಲ್ಲೇ. ಅಂಚಿನಲ್ಲಿ, ಗಾಳಿಗೆ ಹಾರಿದ ನನ್ನ ಶಾಲಿನ ಒಂದು ಚೂರು ಉಳಿದಿತ್ತು.

"ಇದನ್ನೂ ಅಳಿಸ್ಲಾ?"

"ಅದು ಇರ್ಲಿ ಬಿಡೇ," ಎಂದೆ.