ಶೇಖಪ್ಪನವರ ಗಳ
ಹಲಗೇರಿಯ ಶೇಖಪ್ಪನವರು ಬಿದಿರಿನ ಗಳ ಊರಿ ಹಾರುತ್ತಿದ್ದ ಕಾಲದ ಪೋಲ್‌ವಾಲ್ಟ್ ಚಾಂಪಿಯನ್. ಆಗ ಬೀಳಲು ಮೆತ್ತನೆ ಹಾಸಿಗೆ ಇರಲಿಲ್ಲ, ಮರಳೇ ಗತಿ. ಎಂಬತ್ತು ದಾಟಿದರೂ ಎತ್ತರದ್ದು ಕಂಡರೆ ಕಣ್ಣಲ್ಲೇ ಅಳೆಯದೆ ಬಿಡುವವರಲ್ಲ. ಅವರ ಜೊತೆ ನಡೆದರೆ ನನಗೆ ಕುತ್ತಿಗೆ ನೋವು ಖಾತ್ರಿ. ರಾಣೆಬೆನ್ನೂರಿನ ಬಸ್ಸಿನ ನೆತ್ತಿ ನೋಡಿ "ಇದನ್ನ ಆರಾಮ ಹಾರ್ತಿದ್ನಿ" ಎನ್ನುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಒಟ್ಟುವ ಹಮಾಲರಿಗೆ "ಇನ್ನೊಂದು ಏರಸ್ರಿ, ಹೆದರಬ್ಯಾಡ್ರಿ" ಎಂದು ಹುರುಪು ತುಂಬುತ್ತಾರೆ. ಚಾಂಪಿಯನ್ ಪಟ್ಟ ತಂದ ಗಳವನ್ನು ಹಿತ್ತಲಲ್ಲಿ ಎರಡು ಕಂಬಗಳ ನಡುವೆ ಎತ್ತರಕ್ಕೆ ಅಡ್ಡ ಕಟ್ಟಿದ್ದಾರೆ. ಹೆಂಡತಿ ಸಿದ್ದವ್ವ ಬಟ್ಟೆ ಒಣಹಾಕುವುದು ಅದರ ಮೇಲೆಯೇ. ಭುಜ ಹಿಡಿದುಕೊಂಡ ಮೇಲೆ ಆಕೆ "ಕೈ ಏಳವಲ್ದುರಿ, ಒಂದೀಟು ಇಳಸ್ರಿ" ಎಂದು ಎಷ್ಟು ಕೇಳಿದರೂ ಉತ್ತರ ಒಂದೇ: "ಪಂದ್ಯದಾಗ ಅಡ್ಡಗೋಲು ಏರಸ್ತಾರ, ಇಳಸೂದಿಲ್ಲ." ಮೊನ್ನೆ ಬೆಳಿಗ್ಗೆ ಸಿದ್ದವ್ವ ಒದ್ದೆ ಬಟ್ಟೆ ಹೊತ್ತು ಹಿತ್ತಲಿಗೆ ಹೋದರೆ ಗಳ ಆಕೆಯ ಎದೆಮಟ್ಟದಲ್ಲಿತ್ತು. "ಕಡೀಕೂ ಇಳಿಸಿದ್ರಿ ಹೌದಲ್ರಿ?" ಎಂದು ನಕ್ಕರು. ಶೇಖಪ್ಪನವರು ಹಗ್ಗದ ಗಂಟು ಬಿಗಿಯುತ್ತಲೇ ಎದೆಯುಬ್ಬಿಸಿ ಹೇಳಿದರು: "ಇಳಿಸಿಲ್ಲ. ಹೊಸಾ ಪಂದ್ಯಾ ಸುರು ಆಗೇತಿ. ಮೊದಲಿಗೆ ಎತ್ತರ ಇಷ್ಟ ಇರ್ತೈತಿ."